ಕಟಿಂಗ್ ಟೇಬಲ್ ಮೇಲಿನ ರೇಸು

ನಮ್ಮ ಮನೆಯ ಮುಂಬಾಗಿಲಿಗೆ ಒಂದು ಕೆಟ್ಟ ಚಾಳಿ. ರಾಯದುರ್ಗದ ಗುಡ್ಡದ ಕಡೆಯಿಂದ ಸ್ವಲ್ಪ ಗಾಳಿ ಬೀಸಿದರೂ ಸಾಕು, ಯಾರ ಮೇಲೋ ಮುನಿಸಿಕೊಂಡ ಹಾಗೆ ದಢಾರನೆ ಮುಚ್ಚಿಕೊಳ್ಳುತ್ತದೆ. ಬೇರೆಯವರು ಇಂಥ ಬಾಗಿಲಿಗೆ ಕಲ್ಲೋ ಇಟ್ಟಿಗೆಯೋ ಅಡ್ಡ ಇಡುತ್ತಾರೆ. ನಮ್ಮಲ್ಲಿ ಇಟ್ಟಿರುವುದು ಹೊಲಿಗೆ ಮಿಷನ್ನಿನ ಕಬ್ಬಿಣದ ಪೆಡಲ್ಲು. ಮನೆ ಮಿಷನ್ನಿಗೆ ಮೋಟಾರು ಕೂರಿಸಿದಾಗ ಕಾಲ ಕೆಳಗೆ ಇಡುತ್ತಾರಲ್ಲ, ಅದು. ಕರೆಂಟಿನ ವೈರು ಇರಬೇಕಾದ ಕಡೆ ಮಾತ್ರ ಅದಕ್ಕೆ ಸೈಕಲ್ ಬ್ರೇಕಿನ ತಂತಿ ನೇತಾಡುತ್ತಿದೆ.

ಬಂದವರು ಚಪ್ಪಲಿ ಬಿಡುವಾಗ ಅದನ್ನು ನೋಡಿಯೇ ನೋಡುತ್ತಾರೆ. "ಏನ್ರಿ ಇದು?" ಅನ್ನುತ್ತಾರೆ. "ನನ್ನ ಕಾರಿನ ಆಕ್ಸಿಲೇಟರು" ಅನ್ನುತ್ತೇನೆ ನಾನು. ಒಳಗಿಂದ ನಮ್ಮ ಮನೆಯವರು, "ಆಕಿ ಖರೇನ ಹೇಳ್ತಾಳ್ರಿ, ಕಾರು ಎಲ್ಲೈತಿ ಅಂತ ಮಾತ್ರ ಕೇಳಬ್ಯಾಡ್ರಿ" ಎಂದು ಕೂಗುತ್ತಾರೆ. ಹಳೆ ಸಾಮಾನಿನವನು ಬೀದಿಗೆ ಬಂದಾಗಲೆಲ್ಲ ಅವರ ಕಣ್ಣು ಮೊದಲು ಹೋಗುವುದು ಅದರ ಮೇಲೆಯೇ. ಆಗ ನಾನು ಎದ್ದು ಬಂದು ನಿಲ್ಲುತ್ತೇನೆ. ಬಾಗಿಲಿಗೆ ಅಡ್ಡ ಪೆಡಲ್ಲು, ಪೆಡಲ್ಲಿಗೆ ಅಡ್ಡ ನಾನು. ನಮ್ಮ ಸಂಸಾರ ಹೀಗೇ ನಡೆದುಕೊಂಡು ಬಂದಿದೆ.

ನೀವು ಹೇಗೂ ಬಾಗಿಲವರೆಗೆ ಬಂದಿದ್ದೀರಿ, ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಇಲ್ಲಲ್ಲ. ಮಡಕಶಿರದಿಂದ ರೊಳ್ಳದ ಕಡೆ ಹೋಗುವ ದಾರಿಯಲ್ಲಿ ಒಂದು ಹಳ್ಳಿ. ಆಗ ಅದೂ ಇದೂ ಒಂದೇ ಜಿಲ್ಲೆ, ಎರಡು ಕಡೆಯೂ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಆದರೂ ನಾನು ಬಾಯಿ ಬಿಟ್ಟರೆ ಇಲ್ಲಿಯವರು ನಗುತ್ತಾರೆ, ಇಲ್ಲಿಯವರು ಬಾಯಿ ಬಿಟ್ಟರೆ ನಮ್ಮೂರಿನವರು ನಗುತ್ತಾರೆ. ಮದುವೆಗೆ ಎರಡೂ ಕಡೆಯವರು ಸೇರಿದ ದಿನ ನಗುವಿಗೆ ಬರವಿರಲಿಲ್ಲ.

ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಹೆಚ್ಚು ಜಾಗ ರೇಷ್ಮೆ ಹುಳಗಳಿಗಿತ್ತು. ತಟ್ಟೆಗಳು ಸೂರು ಮುಟ್ಟುವ ತನಕ, ನಾವು ತಟ್ಟೆಗಳ ನಡುವಿನ ಸಂದಿಯಲ್ಲಿ. ಹುಳ ಜ್ವರದಲ್ಲಿದೆ, ಪೊರೆ ಬಿಡುತ್ತಿದೆ, ಗಲಾಟೆ ಮಾಡಬೇಡಿ ಎಂದು ಅಮ್ಮ ನಮ್ಮನ್ನು ಬೀದಿಗೆ ಅಟ್ಟುತ್ತಿದ್ದಳು. ಬೀದಿಯಲ್ಲಿ ಹುಡುಗರು ಸವೆದ ಹವಾಯಿ ಚಪ್ಪಲಿಯಿಂದ ದುಂಡಗೆ ಗಾಲಿ ಕೊಯ್ದು, ಜೋಳದ ದಂಟಿನ ಗಾಡಿಗೆ ಸಿಕ್ಕಿಸಿ ಓಡಿಸುತ್ತಿದ್ದರು. ನನಗೂ ಒಂದು ಬೇಕಿತ್ತು. ಹೆಣ್ಣುಮಕ್ಕಳಿಗೆ ಯಾಕೆ ಎಂದರು. ನಾನೇ ಮಾಡಿಕೊಂಡೆ. ಅವಸರದಲ್ಲಿ ಒಂದು ಸಣ್ಣ ತಪ್ಪಾಯಿತು: ನಾನು ಕೊಯ್ದದ್ದು ಅಪ್ಪ ಸಂತೆಯಿಂದ ಹಿಂದಿನ ದಿನ ತಂದ ಚಪ್ಪಲಿ. ಉಳಿದ ಇನ್ನೊಂದು ಚಪ್ಪಲಿಯ ಉಪಯೋಗ ಏನೆಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ವಾಹನ ಯೋಗ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ.

ಆಮೇಲೆ ನಮ್ಮ ಓರಗೆಯ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೊರಟರು. ನಾನೂ ಹೊರಟೆ. ಮೂರು ವರ್ಷ ಶರ್ಟಿನ ಕಾಲರ್ ಹೊಲಿದೆ. ಕಾಲರಿನ ಮೂಲೆ ಎಂದರೆ ತಮಾಷೆಯಲ್ಲ. ಓಡುತ್ತಿರುವ ಮಿಷನ್ನನ್ನು ಮೂಲೆಯ ಹತ್ತಿರ ಒಂದೊಂದೇ ಹೊಲಿಗೆಗೆ ಇಳಿಸಬೇಕು, ಸೂಜಿ ಬಟ್ಟೆಯೊಳಗಿರುವಂತೆಯೇ ನಿಲ್ಲಿಸಬೇಕು, ಬಟ್ಟೆ ತಿರುಗಿಸಬೇಕು, ಮತ್ತೆ ಓಡಿಸಬೇಕು. ಎಲ್ಲವೂ ಬಲಗಾಲಿನ ಮುಂಗಾಲಿನಲ್ಲಿ. ಒಳ್ಳೆಯ ಟೈಲರಿಗೆ ಕೈಗಿಂತ ಕಾಲಿಗೆ ಬುದ್ಧಿ ಹೆಚ್ಚು. ನನಗೆ ಆ ಬುದ್ಧಿ ಇತ್ತು, ಜಂಬವೂ ಇತ್ತು.

ಒಂದು ದಿನ ಟಾರ್ಗೆಟ್ ಮುಗಿದಿಲ್ಲವೆಂದು ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು ಕೂಗುತ್ತಿದ್ದ. ಸೂಜಿ ನನ್ನ ಎಡಗೈ ತೋರುಬೆರಳಿನ ಉಗುರಿನ ಮೂಲಕ ಇಳಿದು ಆಚೆ ಬಂತು. ಪಕ್ಕದವಳು ಗಾಲಿ ತಿರುಗಿಸಿ ಸೂಜಿ ಮೇಲೆತ್ತಿದಳು. ಗಾಯ ವಾರದಲ್ಲಿ ಮಾಗಿತು. ಆದರೆ ಮಿಷನ್ ಮುಂದೆ ಕೂತರೆ ಕಾಲು ಒತ್ತುತ್ತಿರಲಿಲ್ಲ. ಹಾವು ತುಳಿದವರ ಹಾಗೆ ಪೆಡಲ್ಲಿನಿಂದ ಹಿಂದಕ್ಕೆ ಬರುತ್ತಿತ್ತು. ನಾನು ಗಂಟು ಕಟ್ಟಿಕೊಂಡು ಊರಿಗೆ ಬಂದೆ.

"ಯಾಕ್ ಮಗಾ ಬಂದ್ಬುಟ್ಟೆ?" ಎಂದಳು ಅಮ್ಮ.

"ಅಲ್ಲಿ ನೀರು ಒಗ್ಗಲಿಲ್ಲ ಕಣಮ್ಮ."

"ಒಗ್ಗಾಕಿಲ್ಲ ಅಂತ ಗೊತ್ತಾಗಾಕೆ ಮೂರು ವರ್ಸ ಬೇಕಾಯ್ತೇನೆ?"

ಅಮ್ಮನ ಮುಂದೆ ಸುಳ್ಳು ಹೇಳುವುದು ಕಷ್ಟ. ಅದಕ್ಕೇ ರಾಯದುರ್ಗದಲ್ಲಿದ್ದ ಅಕ್ಕನ ಮನೆಗೆ ಬಂದೆ. ಇಲ್ಲಿ ಬೀದಿಗೊಂದು ಜೀನ್ಸ್ ಯೂನಿಟ್ಟು. ಅಕ್ಕನ ಮನೆಯ ಹತ್ತಿರದ ಯೂನಿಟ್ಟಿಗೆ ಹೋಗಿ ದಾರ ಕತ್ತರಿಸುವ ಕೆಲಸ ಕೇಳಿದೆ. ಹೊಲಿದು ಬಂದ ಪ್ಯಾಂಟುಗಳ ಗುಡ್ಡೆಯ ಮುಂದೆ ಕೂತು, ಪುಟ್ಟ ಕತ್ತರಿಯಲ್ಲಿ ಜೋತುಬಿದ್ದ ದಾರದ ತುದಿಗಳನ್ನು ಕತ್ತರಿಸುವುದು. ಹೊಲಿಗೆ ಬಾರದವರು ಮಾಡುವ ಕೆಲಸ ಅದು. "ಮಿಷನ್ ಬರ್ತೈತೇನವ್ವಾ?" ಎಂದು ಯೂನಿಟ್ಟಿನ ಸಾವ್ಕಾರರು ಕೇಳಿದರು. "ಇಲ್ಲ ಸಾರ್, ನಂಗೆ ಬರಲ್ಲ" ಎಂದೆ. ಬರುತ್ತದೆ ಎಂದು ಹೇಳಿ ಎಲ್ಲರೆದುರು ಕಾಲು ಒತ್ತಲಾರದೆ ಕೂರುವುದಕ್ಕಿಂತ, ಬರುವುದೇ ಇಲ್ಲ ಎನ್ನುವುದು ಮರ್ಯಾದೆ ಎನ್ನಿಸಿತು. ಈಗ ಯೋಚಿಸಿದರೆ ನನ್ನ ಬಗ್ಗೆ ನನಗೇ ಪಾಪ ಅನ್ನಿಸುತ್ತದೆ.

ಆ ಯೂನಿಟ್ಟಿನಲ್ಲಿ ವಾರಕ್ಕೊಮ್ಮೆ ಪವರ್ ಹಾಲಿಡೇ ಇರುತ್ತಿತ್ತು. ಅಂದು ಕಾರ್ಖಾನೆಗಳಿಗೆ ಕರೆಂಟು ಕೊಡುತ್ತಿರಲಿಲ್ಲ. ಮಿಷನ್ನುಗಳೆಲ್ಲ ಮಲಗಿರುತ್ತಿದ್ದವು. ಮೆಕ್ಯಾನಿಕ್ಕಿಗೆ ಮಾತ್ರ ಅಂದು ಕೈತುಂಬಾ ಕೆಲಸ, ಎಣ್ಣೆ ಬಿಡುವುದು, ಬೆಲ್ಟ್ ಬಿಗಿ ಮಾಡುವುದು. ಕರೆಂಟಿನ ಹಂಗಿಲ್ಲದ ನನ್ನಂಥ ದಾರದವರಿಗೂ ಕೆಲಸ. ಟೈಲರುಗಳಿಗೆ ರಜೆ. ರಜೆಯಿದ್ದ ಟೈಲರುಗಳು ಮನೆಯಲ್ಲಿರಬೇಕಲ್ಲ? ಊಟ ಮುಗಿಸಿ, ಮಂಡಕ್ಕಿ ಒಗ್ಗರಣೆಯ ಪೊಟ್ಟಣ ಕಟ್ಟಿಸಿಕೊಂಡು, ಎಲ್ಲರೂ ಮತ್ತೆ ಯೂನಿಟ್ಟಿಗೇ ಬರುತ್ತಿದ್ದರು. ಮೊದಲ ಸಲ ನೋಡಿದಾಗ ಇವರಿಗೆ ತಲೆ ಸರಿ ಇಲ್ಲವೆಂದುಕೊಂಡೆ.

ಅದಕ್ಕೆಲ್ಲ ಕಾರಣ ಮೆಕ್ಯಾನಿಕ್ ತಿಪ್ಪೇಸಣ್ಣ. ಅವನೂ ನನ್ನ ಹಾಗೆ ಬೆಂಗಳೂರು ಕಂಡು ಬಂದವನು. ಅವನಿದ್ದ ಫ್ಯಾಕ್ಟರಿಗೆ ಹೊರದೇಶದಿಂದ ಬಟ್ಟೆ ಪರೀಕ್ಷೆ ಮಾಡುವ ಒಬ್ಬ ಮುದುಕ ವರ್ಷವರ್ಷ ಬರುತ್ತಿದ್ದನಂತೆ. ಆ ಮುದುಕನಿಗೆ ಒಂದು ಹುಚ್ಚು: ಬೆರಳುದ್ದದ ಕಾರುಗಳು, ಅವು ಓಡಲು ಪ್ಲಾಸ್ಟಿಕ್ಕಿನ ರಸ್ತೆ. ರಸ್ತೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಬೇಕು. ಅದರ ನಡುವೆ ಎರಡು ಸೀಳು, ಸೀಳಿನ ಅಕ್ಕಪಕ್ಕ ತಗಡಿನ ಪಟ್ಟಿ. ಕಾರಿನ ಮೂಗಿನ ಕೆಳಗಿರುವ ಒಂದು ನಾಲಿಗೆ ಸೀಳಿನಲ್ಲಿ ಇಳಿದು, ಪಟ್ಟಿಯಿಂದ ಕರೆಂಟು ಹೀರಿ ಓಡುತ್ತದೆ. ಕೈಯಲ್ಲಿ ಪಿಸ್ತೂಲಿನಂಥ ಒಂದು ಹಿಡಿ. ಅದರ ಟ್ರಿಗರ್ ಒತ್ತಿದಷ್ಟೂ ವೇಗ. ಚಕ್ರ ತಿರುಗಿಸುವ ಗೋಜಿಲ್ಲ, ಸೀಳೇ ದಾರಿ. ಮಾಡಬೇಕಾದ್ದು ಒಂದೇ, ತಿರುವಿನಲ್ಲಿ ನಿಧಾನ ಮಾಡುವುದು. ಮಾಡದಿದ್ದರೆ ಕಾರು ಸೀಳು ಬಿಟ್ಟು ಹಾರಿಹೋಗುತ್ತದೆ. ಮುದುಕನ ಕಾರೊಂದು ಕೆಟ್ಟಾಗ ತಿಪ್ಪೇಸಣ್ಣ ಹೊಲಿಗೆ ಮಿಷನ್ನಿನ ಮೋಟಾರಿನ ಕಾರ್ಬನ್ ತುಂಡನ್ನು ಉಜ್ಜಿ ಸಣ್ಣದು ಮಾಡಿ ಹಾಕಿ ಓಡಿಸಿಕೊಟ್ಟನಂತೆ. ಕೊನೆಯ ಸಲ ಬಂದಾಗ ಮುದುಕ ಇಡೀ ಪೆಟ್ಟಿಗೆಯನ್ನೇ ಅವನ ಕೈಗೆ ಕೊಟ್ಟು ಹೋದ.

ಎಲ್ಲವೂ ಹಳೇ ಕಾಲದ ಕಾರುಗಳು, ಜೀರುಂಡೆಯ ಹಾಗೆ ಬೆನ್ನು ಗುಂಡಗೆ, ಬಾಗಿಲ ಮೇಲೆ ದುಂಡು ಬಿಳಿ ಚುಕ್ಕೆಯಲ್ಲಿ ನಂಬರು. ಜೀನ್ಸ್ ಬಟ್ಟೆಯನ್ನು ಪದರ ಪದರವಾಗಿ ಹಾಸಿ ಕೊಯ್ಯುವ ಕಟಿಂಗ್ ಟೇಬಲ್ಲು ನಮ್ಮಲ್ಲಿ ಎತ್ತಿನ ಬಂಡಿ ನಾಲ್ಕು ನಿಲ್ಲುವಷ್ಟು ಉದ್ದ. ಪವರ್ ಹಾಲಿಡೇ ದಿನ ಅದರ ಮೇಲೆ ರಸ್ತೆ ಬೀಳುತ್ತಿತ್ತು. ಕರೆಂಟಿಲ್ಲದ ದಿನ ಕಾರು ಓಡುವುದು ಹೇಗೆ ಎಂದು ಕೇಳಿ. ಟ್ರ್ಯಾಕ್ಟರಿನ ಬ್ಯಾಟರಿ! ಕರೆಂಟಾಫೀಸಾಗಲಿ ಯಾವ ಆಫೀಸಾಗಲಿ, ಅದಕ್ಕೆ ರಜೆ ಕೊಡಲಾರದು. ಹೀಗೆ ಹುಟ್ಟಿದ ಕ್ಲಬ್ಬಿಗೆ ಎಲ್ಲರೂ ಪವರ್ ಹಾಲಿಡೇ ಕ್ಲಬ್ಬು ಎನ್ನುತ್ತಿದ್ದರು. ಸೀಳಿಗೆ ಇಟ್ಟ ಹೆಸರು ಸಾಲು. ಕಾರು ಹಾರಿದರೆ "ಪಾಯೆ!", ಅಂದರೆ ಹೋಯಿತು, ಎಂದು ತೆಲುಗಿನಲ್ಲಿ ಇಡೀ ಯೂನಿಟ್ಟು ಕೂಗುತ್ತಿತ್ತು. ನಮ್ಮ ಕಡೆ ಹೀಗೇ, ಉತ್ಸಾಹಕ್ಕೆ ತೆಲುಗು, ಬೈಯಲು ಕನ್ನಡ.

ಮುದುಕ ಪೆಟ್ಟಿಗೆಯ ಜೊತೆ ಅವನೂರಿನ ಕ್ಲಬ್ಬಿನ ಒಂದು ಕಟ್ಟಳೆಯನ್ನೂ ಬಿಟ್ಟು ಹೋಗಿದ್ದ. ಆಡಿ ಮುಗಿಸಿದವರು, ಸಾವ್ಕಾರರಾಗಲಿ ಕಸ ಗುಡಿಸುವವರಾಗಲಿ, ಮುಂದಿನ ಆಟಕ್ಕೆ ತಿರುವಿನಲ್ಲಿ ನಿಲ್ಲಬೇಕು. ಬಿದ್ದ ಕಾರನ್ನು ಎತ್ತಿ ಅದರ ಸಾಲಿನಲ್ಲಿಟ್ಟು ಹಿಂದೆ ಸರಿಯಬೇಕು. ನಗಬಾರದು, ಬುದ್ಧಿ ಹೇಳಬಾರದು, ತುಟಿ ಬಿಚ್ಚಬಾರದು. "ಬಿದ್ದೋರಿಗೆ ಬಿದ್ದದ್ದು ಗೊತ್ತಿರ್ತೈತ್ರಿ. ನಾವ್ಯಾಕ ಹೇಳ್ಬೇಕು?" ಎನ್ನುತ್ತಿದ್ದ ತಿಪ್ಪೇಸಣ್ಣ.

ರಾಯದುರ್ಗದಲ್ಲಿ ತುಟಿ ಬಿಚ್ಚದೆ ನಿಲ್ಲುವುದೆಂದರೆ ಏನೆಂದು ನಿಮಗೆ ಗೊತ್ತಿಲ್ಲ. ಅದರಲ್ಲೂ ಹುಲಿಗೆಮ್ಮಕ್ಕ. ಸೈಡ್ ಹೊಲಿಗೆ ಹಾಕುವುದರಲ್ಲಿ ಯೂನಿಟ್ಟಿಗೇ ಮೊದಲಿನವಳು, ಮಾತಿನಲ್ಲಿ ತಾಲೂಕಿಗೇ ಮೊದಲಿನವಳು. ನನ್ನನ್ನು "ಮುದ್ದಿ ಊರಾಕಿ" ಎಂದೇ ಕರೆಯುತ್ತಿದ್ದಳು, ರೊಟ್ಟಿ ತಿನ್ನುವವರಿಗೆ ಮುದ್ದೆ ತಿನ್ನುವವರನ್ನು ಕಂಡರೆ ಅಷ್ಟು ಸಲಿಗೆ. ತಿರುವಿನಲ್ಲಿ ನಿಂತಾಗ ಆಕೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದಳು. ಮಾತು ಹೊರಗೆ ಬರದಿರಲು ಅವಳು ಕಂಡುಕೊಂಡ ಉಪಾಯ. ಎದುರಿಗೆ ಕಾರು ಪಲ್ಟಿ ಹೊಡೆದರೆ ಆಕೆಯ ಕಣ್ಣು ಉಬ್ಬಿ, ಭುಜ ಕುಣಿದು, ಸೆರಗು ಎಳೆ ಬಿಡುತ್ತಿತ್ತು. ಮಾತು ಮಾತ್ರ ಇಲ್ಲ.

ಕ್ಲಬ್ಬಿನ ಮೊದಲ ದಿನಗಳಲ್ಲಿ ಒಂದು ವಿಚಿತ್ರ ನಡೆಯಿತು. ಟೈಲರುಗಳು ಒಬ್ಬರೂ ಗೆಲ್ಲಲಿಲ್ಲ. ಗೆದ್ದವರೆಲ್ಲ ಹೊಲಿಗೆ ಅರಿಯದವರು. ಅದರಲ್ಲೂ ನಮ್ಮ ಸಾವ್ಕಾರರು, ಅಂಗಿಯ ಗುಂಡಿ ಹೊಲಿಯಲು ಕೊಟ್ಟರೆ ಬೆರಳನ್ನೂ ಸೇರಿಸಿ ಹೊಲಿದುಕೊಳ್ಳುವವರು, ಕೂತು ಕೂತಲ್ಲೇ ಗೆದ್ದರು. ಟೈಲರುಗಳ ಕಾರು ಮೊದಲ ತಿರುವಿಗೇ ಪಾಯೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಒಬ್ಬರು ಟೈರು ಸರಿಯಿಲ್ಲ ಎಂದರು, ಒಬ್ಬರು ರಸ್ತೆಯ ಮೇಲೆ ಜೀನ್ಸಿನ ಹೊಟ್ಟು ಕೂತಿದೆ ಎಂದರು. ಮೂಲೆಯಲ್ಲಿ ದಾರ ಕತ್ತರಿಸುತ್ತ ಕೂತಿದ್ದ ನನಗೆ, ನೆಲದ ಹತ್ತಿರವಿದ್ದುದರಿಂದಲೋ ಏನೋ, ಟೇಬಲ್ಲಿನ ಕೆಳಗೆ ನಡೆಯುವುದು ಕಾಣುತ್ತಿತ್ತು. ತಿರುವು ಬಂದ ತಕ್ಷಣ ಟೈಲರುಗಳೆಲ್ಲ ಬಲಗಾಲು ಎತ್ತುತ್ತಿದ್ದರು! ಕಾಲು ಎತ್ತಿದೆವಲ್ಲ, ಇನ್ನು ನಿಲ್ಲುತ್ತದೆ ಎಂದು ಅವರ ಮೈ ನಂಬಿರುತ್ತಿತ್ತು. ಬೆರಳು ಟ್ರಿಗರ್ ಮೇಲೆ ಹಾಗೇ ಒತ್ತಿಕೊಂಡಿರುತ್ತಿತ್ತು. ಹತ್ತಾರು ವರ್ಷ ಮಿಷನ್ ತುಳಿದವರ ಹಣೆಬರಹ.

ನನಗೆ ನಗು ತಡೆಯಲಿಲ್ಲ. ತಿಪ್ಪೇಸಣ್ಣ ಬಂದು, "ಯಾಕ ತಂಗಿ ನಗ್ತಿ?" ಎಂದ. ಕತ್ತರಿಯಿಂದ ಟೇಬಲ್ಲಿನ ಕೆಳಗೆ ತೋರಿಸಿದೆ. ಅವನು ಬಗ್ಗಿ ನೋಡಿ, ಅಲ್ಲೇ ಕುಕ್ಕರಗಾಲಲ್ಲಿ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮುಂದಿನ ಪವರ್ ಹಾಲಿಡೇಗೆ ಹಳೇ ಪೆಡಲ್ಲಿನ ಹೊಟ್ಟೆ ಬಗೆದು, ಸೈಕಲ್ ಬ್ರೇಕಿನ ತಂತಿಯಿಂದ ಅದನ್ನು ಟ್ರಿಗರ್‌ಗೆ ಕಟ್ಟಿ ತಂದಿದ್ದ. ಕಾಲು ಒತ್ತಿದರೆ ಟ್ರಿಗರ್ ಒತ್ತುತ್ತದೆ, ಕಾಲು ಬಿಟ್ಟರೆ ಟ್ರಿಗರ್ ಬಿಡುತ್ತದೆ. ಅಂದಿನಿಂದ ಟೈಲರುಗಳು ನೆಟ್ಟಗೆ ಓಡಿಸತೊಡಗಿದರು. ಸಾವ್ಕಾರರಿಗೆ ಬೆವರು ಬರಲು ಶುರುವಾಯಿತು.

ಆ ದಿನವೇ ಕೊನೆಯ ಆಟಕ್ಕೆ ಸಾವ್ಕಾರರ ಎದುರು ಒಬ್ಬರು ಕಡಿಮೆ ಬಿದ್ದರು. ಹುಲಿಗೆಮ್ಮಕ್ಕ ಆಡಿ ಸೋತು ತಿರುವಿನಲ್ಲಿ ನಿಂತಾಗಿತ್ತು. ತಿಪ್ಪೇಸಣ್ಣ ನನ್ನ ಕಡೆ ನೋಡಿದ. "ಬಾ ತಂಗಿ, ಕಂಡು ಹಿಡಿದಾಕಿ ನೀನ."

"ಬ್ಯಾಡ ಕಣಣ್ಣ, ನಂಗೆ ಬರಲ್ಲ."

"ಏ, ಇದೇನು ಮಿಷನ್ನಾ? ಆಟ ಐತಿ, ಬಾ."

ಆಟವೇನೋ ಸರಿ, ಕೆಳಗೆ ಇದ್ದದ್ದು ಪೆಡಲ್ಲು. ಎರಡು ವರ್ಷದಿಂದ ನಾನು ಅದರ ಮೇಲೆ ಕಾಲಿಟ್ಟಿರಲಿಲ್ಲ. ಕಾಲು ಹಿಂದಕ್ಕೆ ಬಂದರೆ ಇಷ್ಟು ಜನರೆದುರು ಏನು ಹೇಳುವುದು? ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಯಾರೋ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡರು, ಯಾರೋ ಸ್ಟೂಲು ಎಳೆದರು.

ಚಪ್ಪಲಿ ಬಿಟ್ಟು ಬರಿಗಾಲು ಇಟ್ಟೆ. ಕಬ್ಬಿಣ ತಣ್ಣಗಿತ್ತು. ಮುಂದೆ ಸೂಜಿ ಇರಲಿಲ್ಲ. ಒಂದು ಕೆಂಪು ಕಾರು ಇತ್ತು, ಅಷ್ಟೇ. ಸ್ವಲ್ಪ ಒತ್ತಿದೆ, ಅದು ಮುಂದಕ್ಕೆ ತೆವಳಿತು. ಇನ್ನೂ ಸ್ವಲ್ಪ ಒತ್ತಿದೆ.

ಆಮೇಲಿನದು ನನಗೆ ಪೂರ್ತಿ ನೆನಪಿಲ್ಲ. ನೆನಪಿರುವುದು ಕಾಲಿಗೆ. ನೆಟ್ಟಗಿನ ರಸ್ತೆಯಲ್ಲಿ ಪೂರ್ತಿ, ತಿರುವಿನ ಹತ್ತಿರ ಒಂದೊಂದೇ ಹೊಲಿಗೆ, ಟಕ್, ಟಕ್, ಟಕ್, ಮೂಲೆ ದಾಟಿದ ಮೇಲೆ ಮತ್ತೆ ಪೂರ್ತಿ. ನಾನು ಕಾಲರ್ ಹೊಲಿಯುತ್ತಿದ್ದೆ! ಇಪ್ಪತ್ತು ಸುತ್ತಿನ ಆಟ. ಹದಿನೆಂಟರವರೆಗೆ ನನ್ನ ಕಾರು ಒಮ್ಮೆಯೂ ಸಾಲು ಬಿಡಲಿಲ್ಲ, ಸಾವ್ಕಾರರ ಕಾರು ಹಿಂದೆಯೇ ಇತ್ತು. ಯೂನಿಟ್ಟಿನ ತುಂಬ ಕೂಗೋ ಕೂಗು. ಅಷ್ಟೊಂದು ಸಂತೋಷ ನನಗೆ ಬೆಂಗಳೂರಿನಲ್ಲೂ ಆಗಿರಲಿಲ್ಲ, ಮದುವೆಯಲ್ಲೂ ಆಗಲಿಲ್ಲ. ಇದನ್ನು ನಮ್ಮ ಮನೆಯವರಿಗೆ ಹೇಳಬೇಡಿ.

ಆಗ ಒಂದು ಸಲ ತಲೆ ಎತ್ತಿದೆ. ಎಲ್ಲರೂ ಕಾರು ನೋಡುತ್ತಿದ್ದರು. ತಿರುವಿನಲ್ಲಿ ನಿಂತಿದ್ದ ಹುಲಿಗೆಮ್ಮಕ್ಕ ಮಾತ್ರ ಸೊಂಟ ಬಗ್ಗಿಸಿ ಟೇಬಲ್ಲಿನ ಕೆಳಗೆ ನೋಡುತ್ತಿದ್ದಳು. ನನ್ನ ಕಾಲನ್ನು. ಇಪ್ಪತ್ತು ವರ್ಷ ಮಿಷನ್ ತುಳಿದವಳಿಗೆ ಇನ್ನೊಬ್ಬ ಟೈಲರಿನ ಕಾಲು ಗೊತ್ತಾಗದೆ ಇರುತ್ತದೆಯೇ?

ಸುಳ್ಳು ಸಿಕ್ಕಿಬಿತ್ತು ಎಂದು ಗೊತ್ತಾದ ಕ್ಷಣ ಕಾಲು ಗಟ್ಟಿಯಾಗಿ ಒತ್ತಿಬಿಟ್ಟೆ. ಕೆಂಪು ಕಾರು ತಿರುವು ಬಿಟ್ಟು ಹಾರಿ ಪ್ಯಾಂಟಿನ ಗುಡ್ಡೆಯ ಮೇಲೆ ಬಿತ್ತು. ಪಾಯೆ! ಹುಲಿಗೆಮ್ಮಕ್ಕ ಅದನ್ನು ಎತ್ತಿಕೊಂಡಳು. ಅದಕ್ಕೆ ಹತ್ತಿದ ದಾರದ ಎಳೆ ತೆಗೆದಳು, ನನ್ನ ಸಾಲಿನಲ್ಲಿ ಮೆತ್ತಗೆ ಇಟ್ಟಳು, ಒಂದು ಹೆಜ್ಜೆ ಹಿಂದೆ ಸರಿದಳು. ಸೆರಗು ಹಲ್ಲಿನಲ್ಲಿತ್ತು. ನನ್ನ ಕಾಲು ಮೇಲೆದ್ದು ನಿಂತಿತ್ತು, ಇಳಿಯಲೊಲ್ಲದು. ಸಾವ್ಕಾರರ ಕಾರು ಭರ್ರನೆ ದಾಟಿ ಹೋಯಿತು. ಹುಲಿಗೆಮ್ಮಕ್ಕ ಏನಾದರೂ ಅನ್ನುತ್ತಾಳೆ ಎಂದು ಕಾದೆ. ಅವಳು ಅನ್ನಲಿಲ್ಲ. ಸುಮ್ಮನೆ ಕಾರಿನ ಮುಂದಿನ ದಾರಿ ನೋಡುತ್ತ ನಿಂತಿದ್ದಳು. ಕಾಲು ತಾನಾಗಿ ಇಳಿಯಿತು. ಅರ್ಧ ಸುತ್ತಿನ ಅಂತರದಲ್ಲಿ ಸೋತೆ.

ಆಟ ಮುಗಿದ ಮೇಲೆ ನೀರಿನ ಡ್ರಮ್ಮಿನ ಹತ್ತಿರ ಅವಳು ನನ್ನನ್ನು ಹಿಡಿದಳು. ಸೆರಗು ಬಾಯಿಂದ ಹೊರಗೆ ಬಂದಿತ್ತು.

"ಎಷ್ಟು ವರ್ಷ ಕುಂತಿದ್ದಿ ಮಿಷನ್ ಮ್ಯಾಲ?"

"ಇಲ್ಲ ಕಣಕ್ಕ, ನಾನು..."

"ನಿನ್ನ ಬಾಯಿಗೆ ಕೇಳಿಲ್ಲ ನಾನು. ಕಾಲು ಆಗಲೇ ಹೇಳೇತಿ. ಯಾಕ ಮುಚ್ಚಿಟ್ಟಿ?"

ಬೆರಳು ತೋರಿಸಿದೆ. ಉಗುರಿನ ನಡುವೆ ಇನ್ನೂ ಒಂದು ಸಣ್ಣ ಗುಳಿ ಇತ್ತು. ಎರಡು ವರ್ಷದಿಂದ ಕಾಲು ಒತ್ತುವುದಿಲ್ಲ ಎಂದೂ ಹೇಳಿದೆ, ಅಳುತ್ತ. ಅವಳು ತನ್ನ ಎಡಗೈ ನನ್ನ ಮುಂದೆ ಚಾಚಿದಳು. ಜೀನ್ಸಿನ ನೀಲಿ ಮೆತ್ತಿದ ಐದು ಬೆರಳುಗಳಲ್ಲಿ ಮೂರಕ್ಕೆ ಅದೇ ಗುಳಿ.

"ನೋಡ್ಕೋ. ಇದು ಮದುವಿ ಆದ ವರ್ಷದ್ದು. ಇದು ಹುಡುಗಿ ಹೊಟ್ಟ್ಯಾಗಿದ್ದಾಗಿಂದು. ಇದು ಮೊನ್ನೆ ಉಗಾದಿ ಮುಂದಿಂದು. ನಾನೂ ಮೂರು ದಿನ ಅತ್ತೀನಿ. ನೀ ಎರಡು ವರ್ಷ ಅತ್ತಿ, ಭಾಳಾತು."

ಮರುದಿನ ಕರೆಂಟು ಇತ್ತು. ನಾನು ದಾರದ ಗುಡ್ಡೆಯ ಮುಂದೆ ಕೂರುವಷ್ಟರಲ್ಲಿ ಅವಳು ರಟ್ಟೆ ಹಿಡಿದು ಎಬ್ಬಿಸಿ, ತನ್ನ ಪಕ್ಕದ ಖಾಲಿ ಮಿಷನ್ನಿನ ಮುಂದೆ ಕೂರಿಸಿದಳು. ಸಾವ್ಕಾರರು ಬಂದರು. "ಏನು ಹುಲಿಗೆಮ್ಮ, ಆಕಿಗೆ ಬರ್ತೈತೇನು?"

"ನಿಮ್ಮನ್ನ ಹದಿನೆಂಟು ಸುತ್ತು ಹಿಂದ ಹಾಕಿದಾಕಿ, ಬರಾಂಗಿಲ್ಲೇನ್ರಿ?"

ಸಾವ್ಕಾರರು ನಕ್ಕು ಹೊರಟುಹೋದರು. ಆ ಯೂನಿಟ್ಟು ಈಗಿಲ್ಲ. ರಸ್ತೆಯ ತುಂಡುಗಳು ಬಿರುಕು ಬಿಟ್ಟವು, ತಿಪ್ಪೇಸಣ್ಣ ಬಳ್ಳಾರಿಗೆ ಹೋಗುವಾಗ ಪೆಡಲ್ಲನ್ನು ನನಗೆ ಕೊಟ್ಟು, "ನೀ ಕಂಡು ಹಿಡಿದದ್ದು, ನಿನಗ ಇರ್ಲಿ" ಎಂದ. ನಾನು ಎಷ್ಟು ಸಾವಿರ ಪ್ಯಾಂಟು ಹೊಲಿದೆನೋ ಲೆಕ್ಕವಿಟ್ಟಿಲ್ಲ. ಮೊದಲನೆಯದು ಮಾತ್ರ ಮರೆತಿಲ್ಲ.

ಅಂದು ಸಾವ್ಕಾರರು ಹೋದ ಮೇಲೆ ಎರಡು ಪದರ ಜೀನ್ಸು ಸೂಜಿಯ ಕೆಳಗಿಟ್ಟೆ. ಕಣ್ಣು ಮುಚ್ಚಿಕೊಂಡವಳ ಹಾಗೆ ಒತ್ತಿದೆ. ಮಿಷನ್ನು ಒಮ್ಮೆಗೇ ಹಾರಿತು. ಹೊಲಿಗೆ ಅಂಕುಡೊಂಕಾಗಿ ಬಟ್ಟೆಯ ಅಂಚು ಬಿಟ್ಟು ಹೊರಗೆ ಹೋಯಿತು. ಕಾಲು ಪೆಡಲ್ಲಿನಿಂದ ಹಿಂದಕ್ಕೆ ಬಂತು, ಬೆಂಗಳೂರಿನಲ್ಲಿ ಬಂದ ಹಾಗೆಯೇ. ಸಾಲಿನಲ್ಲಿದ್ದ ಟೈಲರುಗಳೆಲ್ಲ ತಲೆಯೆತ್ತಿ ನೋಡಿದರು. ನನಗೆ ಎದ್ದು ಓಡಬೇಕೆನ್ನಿಸಿತು.

ಹುಲಿಗೆಮ್ಮಕ್ಕ ತನ್ನ ಮಿಷನ್ ನಿಲ್ಲಿಸಿ ಎದ್ದು ಬಂದಳು. ಕೆಟ್ಟ ಹೊಲಿಗೆಯನ್ನು ಸರಕ್ಕನೆ ಬಿಚ್ಚಿದಳು. ಬಟ್ಟೆಯನ್ನು ಜೋಡಿಸಿ, ಅಂಚು ಸರಿಮಾಡಿ, ಮತ್ತೆ ಸೂಜಿಯ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು. ಈಗಲಾದರೂ ಏನಾದರೂ ಅನ್ನಲಿ, ಬೈಯಲಿ ಎಂದು ತಲೆಯೆತ್ತಿ ಅವಳ ಮುಖ ನೋಡಿದೆ.

ಸೆರಗಿನ ತುದಿ ಅವಳ ಹಲ್ಲಿನಲ್ಲಿತ್ತು.

ನಾನು ಕಾಲು ಒತ್ತಿದೆ.